ಬ್ಲಫ್ಫಿನ ಗಾಳಿ

ಮಳವಳ್ಳಿಯಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿ ಬಿಟ್ಟು ತುಸು ಒಳಕ್ಕೆ ಹೊರಳಿದರೆ ಬ್ಲಫ್ ಎಂಬ ಊರು ಸಿಗುತ್ತದೆ. ಇಂಗ್ಲಿಷಿನಲ್ಲಿ ಆ ಮಾತಿಗೆ ಕಡಿದಾದ ದಿಣ್ಣೆ ಎಂದೂ ಅರ್ಥ, ಹುಸಿ ಬೆದರಿಕೆ ಎಂದೂ ಅರ್ಥ. ಊರಿಗೆ ಸಲ್ಲುವುದು ಮೊದಲನೆಯದು. ಎರಡನೆಯದು ಒಂದು ಸಂಜೆ ನನಗೆ ಸಂದಿತು.

ಯುಗಾದಿಗೆ ಮಾದಪ್ಪನ ಬೆಟ್ಟಕ್ಕೆ ಹೋಗುವುದು ನಮ್ಮ ಮನೆಯ ರೂಢಿ. ಅಜ್ಜನ ಕಾಲಕ್ಕೆ ಕಮಾನು ಗಾಡಿ. ನಮ್ಮ ಕಾಲಕ್ಕೆ ಟ್ರಾಕ್ಟರಿನ ಟ್ರೇಲರು. ಬಿದಿರು ದಬ್ಬೆ ಬಗ್ಗಿಸಿ ಕಟ್ಟಿ, ಮೇಲೆ ಟಾರ್ಪಾಲು ಹೊದಿಸಿ, ಕೆಳಗೆ ಹುಲ್ಲು ಹರಡಿ ಜಮಖಾನ ಹಾಸಿದರೆ ಅದೇ ಮನೆ. ರಾಗಿಹಿಟ್ಟು, ಸೌದೆ, ಪಾತ್ರೆ ಎಲ್ಲವೂ ಜೊತೆಗೇ. ಕೆಲವು ವರ್ಷಗಳ ಹಿಂದೆ ಹಾಗೆ ಹೊರಟವರು ಏಳು ಜನ. ಟ್ರಾಕ್ಟರು ಹೊಡೆಯುತ್ತಿದ್ದವನು ನನ್ನ ಅಣ್ಣ. ಹುಲ್ಲಿನ ಮೇಲೆ ಅವ್ವ. ಮಂಡಿನೋವಿನಿಂದ ಹತ್ತಿ ಇಳಿಯಲು ಇಬ್ಬರ ಹೆಗಲು ಬೇಕಾಗಿತ್ತು.

ಮಕ್ಕಳಿಗೆ ಗಗನಚುಕ್ಕಿ ತೋರಿಸೋಣವೆಂದವನು ನಾನು. ಅಣ್ಣ ಮೂಡಲ ದಿಕ್ಕು ನೋಡಿ, "ಮೋಡ ಕಟ್ತಾ ಅದೆ ಕಣ್ಲಾ, ನೆಟ್ಟಗೆ ಕೊಳ್ಳೇಗಾಲ ಸೇರ್ಕಳವ" ಎಂದ. ನಾನು ಒಪ್ಪಲಿಲ್ಲ. ಆ ಬೇಸಗೆಯಲ್ಲಿ ಬಂಡೆಗಳ ನಡುವೆ ನೀರು ನೂಲಿನಂತೆ ಇಳಿಯುತ್ತಿತ್ತು. ನೀರು ಕೊಡದ ಸೊಗಸನ್ನು ನಾನು ಭಾಷಣದಿಂದ ತುಂಬಿದೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು, 1905ರಲ್ಲಿ ಬೆಂಗಳೂರಿಗೆ ದೀಪ ಕೊಟ್ಟದ್ದೂ ಇದೇ ಕಾವೇರಿ ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಊರಿನ ದೀಪಗಳೆಲ್ಲ ಒಟ್ಟಿಗೆ ಆರಿದವು.

ಮೊದಲು ಬಂದದ್ದು ಮಳೆಯಲ್ಲ, ಮಣ್ಣು. ಆಮೇಲೆ ಗಾಳಿ, ಅದರ ಬೆನ್ನಿಗೇ ಆಲಿಕಲ್ಲು. ಅತ್ತಿಗೆಯೂ ನನ್ನ ಹೆಂಡತಿಯೂ ಮಕ್ಕಳನ್ನು ಎಳೆದುಕೊಂಡು ಹತ್ತಿರದ ಮನೆಯ ಜಗಲಿಗೆ ಓಡಿದರು. ಅವ್ವ ಗಾಡಿಯಲ್ಲೇ ಉಳಿದಳು. "ಅಣ್ಣಾ, ಆ ಆಲದ ಮರದಡಿ ನಿಲ್ಸು" ಎಂದು ಕೂಗಿದೆ. ಅವನು ಕಿವಿಗೆ ಹಾಕಿಕೊಳ್ಳದೆ ಮರವನ್ನು ದಾಟಿ, ಬಯಲಿನಲ್ಲಿ ಗಾಳಿಗೆ ಎದುರಾಗಿ ಟ್ರಾಕ್ಟರು ನಿಲ್ಲಿಸಿದ. ನಾನು ಅವ್ವನ ಬಳಿಗೆ ಹತ್ತಿದೆ. ಗಾಳಿ ಒಳಹೊಕ್ಕು ಟಾರ್ಪಾಲು ಹಾಯಿಯಂತೆ ಉಬ್ಬಿತು. ಒಂದು ಕಡೆಯ ಚಕ್ರ ನೆಲ ಬಿಟ್ಟದ್ದು ನನಗೆ ಗೊತ್ತಾಯಿತು.

ಅಣ್ಣ ಕುಡುಗೋಲು ಹಿಡಿದು ಬಂದು ಹಗ್ಗ ಕುಯ್ಯತೊಡಗಿದ.

"ಅವ್ವ ನೆನೀತಾಳೆ, ಬಿಡೋ!" ಎಂದು ಅವನ ಕೈ ಹಿಡಿದೆ. ಅಣ್ಣನನ್ನು ಹೋಗೋ ಬಾರೋ ಎಂದದ್ದು ಅದೇ ಮೊದಲು. ಅವನು ಕೈ ಕೊಸರಿಕೊಂಡು ಕೊನೆಯ ಹಗ್ಗವನ್ನೂ ಕುಯ್ದ. ಟಾರ್ಪಾಲು ಒಮ್ಮೆ ಪಟಪಟನೆ ಬಡಿದುಕೊಂಡು ಕತ್ತಲೆಗೆ ಹಾರಿಹೋಯಿತು. ಚಕ್ರ ನೆಲಕ್ಕೆ ಕೂತಿತು. ಜಮಖಾನವನ್ನು ಅವ್ವನ ತಲೆಯ ಮೇಲೆ ಹಿಡಿದು ಅಣ್ಣ ಒಂದು ಕಡೆ, ನಾನು ಒಂದು ಕಡೆ ಕುಕ್ಕರಿಸಿದೆವು. ಮೂವರೂ ಗಡಗಡ ನಡುಗುತ್ತಿದ್ದೆವು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಆಲದ ಮರದ ಒಂದು ಕೊಂಬೆಯೂ ಮುರಿದಿರಲಿಲ್ಲ. ನನ್ನ ಸೋತ ವಾದಕ್ಕೆ ಜೀವ ಬಂದಿತು. "ನೋಡು, ಅಲ್ಲೇ ನಿಂತಿದ್ರೆ ಏನೂ ಆಗ್ತಿರ್ಲಿಲ್ಲ" ಎಂದೆ. ಅಣ್ಣ ಒದ್ದೆ ಹುಲ್ಲನ್ನು ಕೆಳಕ್ಕೆ ತಳ್ಳುತ್ತ, "ಸಿಡ್ಲು ಹೊಡೀದೆ ಇದ್ದದ್ದು ಮರದ ಪುಣ್ಯ. ನಿನ್ ಲೆಕ್ಕ ಅಲ್ಲ" ಎಂದ. ಜಗಳ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಅವ್ವ ಸೀರೆಯ ಸೆರಗು ಹಿಂಡುತ್ತ, "ಮಾದಪ್ಪ ದಾರೀಲೇ ನೀರು ಹುಯ್ದ. ಇನ್ನು ನಡೀರಪ್ಪ" ಎಂದಳು.

ಮೇಲು ಹೊದಿಕೆಯಿಲ್ಲದ ಗಾಡಿಯಲ್ಲಿ ಮುಂದಿನ ದಾರಿಯೆಲ್ಲ ನಕ್ಷತ್ರ ಕಾಣುತ್ತಿತ್ತು. ನಾವು ಅಣ್ಣತಮ್ಮಂದಿರು ಬೆಟ್ಟ ಸೇರುವವರೆಗೂ ಮಾತಾಡಲಿಲ್ಲ. ಊರಿಗೆ ಬಂದಮೇಲೆ ಹೊಸ ಟಾರ್ಪಾಲು ತಂದುಕೊಟ್ಟೆ. ಅದೇ ನನ್ನ ಕ್ಷಮಾಪಣೆ ಎಂದುಕೊಂಡೆ.

ಅವ್ವ ಈಗಿಲ್ಲ. ತರಗತಿಯಲ್ಲಿ ಮಳೆಗಾಳಿಯ ವರ್ಣನೆ ಬಂದಾಗ ನನ್ನ ಕಣ್ಣಿಗೆ ಕಾಣುವುದು ಕುಡುಗೋಲು ಹಿಡಿದ ಆ ಕೈ, ಅದನ್ನು ತಡೆಯಹೋದ ನನ್ನ ಕೈ. "ನೀನು ಮಾಡಿದ್ದೇ ಸರಿ, ಅಣ್ಣಾ" ಎಂಬ ನಾಲ್ಕು ಮಾತನ್ನು ಎದುರಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅಣ್ಣ ಭಾನುವಾರದ ಪತ್ರಿಕೆ ಓದುತ್ತಾನೆ.