ಕೋಠಿಯಿಂದ ಅಕ್ಕಗ

ಕೋಠಿ, ಮನಾಲಿ ಹತ್ರ
ಜನವರಿ, ನಡುರಾತ್ರಿ

ಅಕ್ಕಾ,

ನಾ ಆರಾಮ ಅದೀನಿ. ಇದನ್ನ ಮೊದಲ ಅವ್ವಗ ಓದಿ ಹೇಳು. ಉಣ್ಣಿ ಟೊಪ್ಪಿಗಿ ಹಾಕ್ಕೊಂಡ ಮಲಗ್ತೀನಿ ಅಂತನೂ ಹೇಳು. 2020ರಾಗ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗ ನೋಡಿಬಂದ್ವಿ, ಫೋಟೋ ಮಾಮಾನ ಫೋನಿಗೆ ಹಾಕೀನಿ.

ಹಿಮದಾಗ ಏನ ಅಳೀತಿ ಅಂತ ಕೇಳಿದ್ದಿ. ಆಯಿ ಕಡಲಿ ಹೊಲದಾಗ ರಾತ್ರಿ ಬಿಳಿ ಅರಿವಿ ಹಾಸಿ, ಮುಂಜಾನೆ ಹಿಂಡಿ ಹುಳಿ ತಗೀತಿದ್ದಳಲ್ಲ, ಇದೂ ಹಂಗ. ಕೆಳಗ ಮೊಹಲ್‌ದಾಗ ಗೋವಿಂದ ಬಲ್ಲಭ ಪಂತ್ ಸಂಸ್ಥೆದವರು ಗಾಳಿಯೊಳಗಿನ ಮಸಿ ಅಳೀತಾರ. ನಮ್ಮದು ನೆಲಕ್ಕ ಇಳಿದದ್ದರ ಲೆಕ್ಕ. ಸ್ವಲ್ಪ ಮಸಿ ಬೀಳೋ ಹಿಮದ ಜೋಡಿನ ಇಳಿತೈತಿ, ಸ್ವಲ್ಪ ಆಮ್ಯಾಲ ಒಣಾ ಗಾಳಿಯಿಂದ ಬಂದು ಕೂಡತೈತಿ. ಅದಕ್ಕ ಹಿಮ ಬಿದ್ದ ಕೂಡ್ಲೆ ಒಮ್ಮೆ, ಹೊಸಾದು ಬೀಳದ ದಿನಗೊಳಾಗ ಮತ್ತೊಮ್ಮೆ ಮ್ಯಾಲಿನ ಪದರ ಕೆರಕೊಂಡ ಬರ್ತೀವಿ. ರಸ್ತೆದಿಂದ ದೂರ ಹೋಗಿ, ಗಾಳಿಗೆ ಮುಖ ಮಾಡಿ ನಿಂದರಬೇಕು, ನಮ್ಮ ಅರಿವಿ ಧೂಳ ಅದರಾಗ ಬೀಳಬಾರದು. ಕರಗಿದ ನೀರು ತಡಾ ಮಾಡದ ಸೋಸಬೇಕು. ಬಿಟ್ರ ಮಸಿ ಬಾಟ್ಲಿಗೆ ಹತ್ತಿ ಲೆಕ್ಕ ಕಡಿಮಿ ಬರತೈತಿ. ಕಣ್ಣಿಗೆ ಬೆಳ್ಳಗ ಕಂಡ ಹಿಮದಿಂದನ ಸೋಸೋ ಹಾಳಿ ಬೂದಿ ಬಣ್ಣಕ್ಕ ತಿರುಗತೈತಿ, ಅಕ್ಕಾ. ಹೊಸಾ ಹಿಮ ಬಿಸಿಲಿನ ಶೇಕಡಾ 80ಕ್ಕಿಂತ ಹೆಚ್ಚು ತಿರುಗಿ ಕಳಸತೈತಿ. ಮಸಿ ಕೂತ್ರ ಬಿಸಿಲು ಕುಡಿದು ಲಗೂನ ಕರಗತೈತಿ. ಬಿಯಾಸ್ ಹೊಳಿಗೆ ಇದ ಹಿಮದ ನೀರು.

ಇವತ್ತ ನಮ್ಮ ಗಾಡಿ ಹಿಮದಾಗ ಸಿಕ್ಕೊಂಡ್ತು, ಬೆರಳ ಮರಗಟ್ಟಿದ್ವು. (ಇದನ್ನ ಅವ್ವಗ ಓದಬ್ಯಾಡ.) ಬಾಜೂ ಮನಿ ಅಜ್ಜಿ ಬಂದು ಕೈ ಹಿಡಿದು ಒಳಗ ಕರಕೊಂಡ ಹೋದ್ಲು. ಕಟ್ಟಿಗಿ ಹಾಕೋ ತಗಡಿನ ಒಲಿ ಮನಿ ನಡುವ ಇರತೈತಿ, ಅದಕ್ಕ ತಂದೂರ ಅಂತಾರ. ಹೊಗಿ ಕೊಳವಿಯಿಂದ ಮಾಳಿಗಿ ದಾಟತೈತಿ. ಸಿಡ್ಡು ಕೊಟ್ಲು: ಗೋಧಿ ಹಿಟ್ಟು ಹುದುಗು ಬರಿಸಿ, ಒಳಗ ಅಕ್ರೂಟ ತುಂಬಿ, ಹಬಿಯೊಳಗ ಬೇಯಿಸಿದ್ದು. ತಾಟಿನ ತುಂಬ ತುಪ್ಪ ಸುರುವಿದ್ಲು. ನನ್ನ ಬೆರಳ ತನ್ನ ಅಂಗೈಯಾಗ ಇಟ್ಕೊಂಡು ತಿಕ್ಕಿದ್ಲು. ಎಳ್ಳಮಾಸಿಗೆ ಚರಗಕ್ಕ ಬರಾಕ ಆಗಲಿಲ್ಲಂತ ಮನಸ್ಸಿನ್ಯಾಗ ಉಳಿದಿದ್ದು ಆ ಊಟದಾಗ ಇಳೀತು.

ನಾ ಏನ ಅಳೀತೀನಿ ಅಂತ ಕೇಳಿದ್ಲು. ಹೇಳಿದೆ. ಒಲಿ ಕಡೆ ನೋಡಿ, ಇದರ ಹೊಗಿನೂ ಅದರಾಗ ಬರತೈತೇನು ಅಂದ್ಲು. ಬರತೈತಿ ಅಂದೆ. ಅಕಿ ತುಪ್ಪ ಉಂಡು ಸುಳ್ಳು ಹೆಂಗ ಹೇಳ್ಲಿ? ಕಟ್ಟಿಗಿ ಹೊಗಿಯೊಳಗ ಲೆವೊಗ್ಲುಕೋಸಾನ್ ಅನ್ನೂ ಗುರುತು ಇರತೈತಿ, ಡೀಸೆಲ್ ಹೊಗಿಯೊಳಗ ಇರೂದಿಲ್ಲ. ಆದ್ರ ಕೆಳಗಿನ ಬಯಲಸೀಮಿ ಹೊಲದಾಗ ಸುಟ್ಟ ಹುಲ್ಲಿನ ಹೊಗಿಯೊಳಗೂ ಅದ ಇರತೈತಿ. ಹಿಂಗಾಗಿ ಒಲೀದೆಷ್ಟು, ಹೊಲದ್ದೆಷ್ಟು ಅಂತ ಆ ಒಂದ ಗುರುತು ಹೇಳೂದಿಲ್ಲ. ಲಾರಿ, ಪ್ರವಾಸಿಗರ ಗಾಡಿ, ಇಟ್ಟಂಗಿ ಭಟ್ಟಿ ಎಲ್ಲಾದೂ ಇದರಾಗ ಐತಿ. ಅಜ್ಜಿಗೆ ಬೆಚ್ಚಗಿರೂ ಬ್ಯಾರೆ ದಾರಿ ಕೊಡದ ಒಲಿ ಆರಸು ಅನ್ನೂದು ಅನ್ಯಾಯ. ನಾ ಬರಿಯೂ ವರದಿಯೊಳಗೂ ಇದನ್ನ ಬರೀತೀನಿ.

ಅವ್ವನ ಕೆಮ್ಮು ಹೆಂಗೈತಿ? ಹಿತ್ತಲ ಒಲಿ ಮ್ಯಾಲ ನೀರ ಕಾಸೂದು ಬಿಡಸು, ನಮ್ಮೂರ ಥಂಡಿಗೆ ಗ್ಯಾಸ್ ಸಾಕು. ನವಲಗುಂದಕ್ಕ ದವಾಖಾನಿಗೆ ಕರಕೊಂಡ ಹೋಗು. ಹಂಗ ಅಲ್ಲೆ ಒಂದ ಸಣ್ಣ ಜಮಖಾನ ತಗೋ, ನವಿಲಿಂದು, ಈ ಅಜ್ಜಿಗೆ. ಅದರ ಜೋಡಿ ಗುರೆಳ್ಳ ಚಟ್ನಿ ಕಳಸು. ಹೋದ ಸಲ ಬಳ್ಳೊಳ್ಳಿ ಭಾಳ ಆಗಿತ್ತು, ಈ ಸಲ ಕಡಿಮಿ ಹಾಕು.