ತಾತನ ಗುಳಿಗಿ ಡಬ್ಬಿ (ಡಯಾಲಿಸಿಸ್ ಡೈರಿ – ಭಾಗ 3)

ಫೋಟೋದಾಗ ಇರೋದು ನಮ್ಮ ತಾತನ ಗುಳಿಗಿ ಡಬ್ಬಿ. ಮುಚ್ಚಳದ ಮೇಲೆ ಕೆಂಪು ಪೆನ್ನಿಂದ "ಡಯಾಲಿಸಿಸ್ ದಿನ ಮುಂಜಾನೆ ಬಿಪಿ ಗುಳಿಗಿ ಬ್ಯಾಡ" ಅಂತ ಬರೆದವನು ನಾನೇ. ಒಂದು ತಪ್ಪು ಮಾಡಿದ ಮೇಲೆ ಬರೆದೆ.

ತಾತಗ 72. ವಾರಕ್ಕೆ ಮೂರು ಸಲ ಮಸ್ಕಿಯಿಂದ ಸಿಂಧನೂರಿಗೆ ಹೋಗಬೇಕು, ಪ್ರತಿ ಸಲ ನಾಲ್ಕು ತಾಸು ಮಷೀನ್. ಅವತ್ತು ಅಮ್ಮ ಊರಾಗ ಇರಲಿಲ್ಲ. ದಿನದಂಗ ನಾನೇ ಬಿಪಿ ಗುಳಿಗಿ ನುಂಗಿಸಿ ಬಸ್ ಹತ್ತಿಸಿದೆ.

ಮೂರನೇ ತಾಸಿಗೆ ತಾತ ಆಕಳಿಸಾಕ ಶುರು ಮಾಡಿದ, ಮೈಯೆಲ್ಲ ಬೆವರು. "ಕಣ್ಣಿಗಿ ಕತ್ಲಿ ಬರಾಕತ್ತೈತಿ ತಮ್ಮಾ" ಅಂದ. ಬಿಪಿ 80/50. ಸಿಸ್ಟರ್ ಓಡಿ ಬಂದು ಕಾಲು ಮೇಲೆತ್ತಿ, ನೀರು ತೆಗೆಯೋದು ನಿಲ್ಲಿಸಿ, ಸಲೈನ್ ಬಿಟ್ಟರು. "ಮುಂಜಾನೆ ಬಿಪಿ ಗುಳಿಗಿ ಕೊಟ್ಟೀಯೇನಪಾ?" ಅಂತ ಕೇಳಿದರು. "ಹೂಂ ಮೇಡಂ, ಒಂದಿನಾನೂ ತಪ್ಪಿಸಿಲ್ಲ" ಅಂದೆ, ಶಭಾಷ್ ಅಂತಾರೇನೋ ಅಂದ್ಕೊಂಡು.

ಆಮೇಲೆ ಡಾಕ್ಟರ್ ಹೇಳಿದರು. ಕಿಡ್ನಿ ಕೆಲಸ ಮಾಡದಿದ್ದರೆ ನೀರು, ಉಪ್ಪು ಮೈಯಾಗೇ ಉಳಿದು ಬಿಪಿ ಏರುತ್ತೆ. ಎರಡು ದಿನ ಕೂಡಿದ ನೀರನ್ನ ಮಷೀನ್ ನಾಲ್ಕೇ ತಾಸಿನಲ್ಲಿ ತೆಗೆಯುತ್ತೆ, ಆವಾಗ ಬಿಪಿ ತಾನಾಗೇ ಇಳಿಯುತ್ತೆ. ವಯಸ್ಸಾದವರ ರಕ್ತನಾಳ ಗಟ್ಟಿಯಾಗಿರ್ತಾವೆ, ಬೇಗ ಹೊಂದಿಕೊಳ್ಳಲ್ಲ. ಮೇಲೆ ಗುಳಿಗಿನೂ ಸೇರಿದರೆ ಇನ್ನೂ ಕುಸಿಯುತ್ತೆ.

ಎಲ್ಲಾ ಗುಳಿಗಿನೂ ಒಂದೇ ಅಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಡಯಾಲಿಸಿಸ್‌ನಾಗ ರಕ್ತದಿಂದ ಹೊರಗೆ ಹೋಗ್ತಾವೆ. ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಹಂಗ ಹೋಗಲ್ಲ. ಯಾವುದು ಯಾವಾಗ ತಗೋಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ಮಷೀನ್ ಮೇಲಿದ್ದಾಗಲೂ ಬಿಪಿ ಏರೋರು ಇರ್ತಾರೆ, ಅವರಿಗೆ ಮುಂಜಾನೆ ಗುಳಿಗಿ ಬೇಕೇ ಬೇಕಾಗಬಹುದು. ಡಬ್ಬಿ ಮೇಲಿನ ಸಾಲು ನಮ್ಮ ತಾತಗ ಮಾತ್ರ.

ಕಥೆ ಇಲ್ಲಿಗೇ ಮುಗೀಲಿಲ್ಲ. ಹೆದರಿದ ತಾತ ಎಲ್ಲಾ ಬಿಪಿ ಗುಳಿಗಿನೂ ಬಿಟ್ಟ. ನಮಗೆ ಗೊತ್ತೇ ಆಗಲಿಲ್ಲ, ದಿಂಬಿನ ಕೆಳಗ ಮುಚ್ಚಿಡ್ತಿದ್ದ. ನಾಲ್ಕನೇ ದಿನ ತಲೆನೋವು, ಬಿಪಿ 190. "ಒಮ್ಮಿಂದೊಮ್ಮೆ ಬಿಟ್ಟರೆ ಹೃದಯಕ್ಕೇ ಹೊಡೆತ" ಅಂತ ಡಾಕ್ಟರ್ ಬೈದರು. ಈಗ ಡಯಾಲಿಸಿಸ್ ದಿನ ರಾತ್ರಿ ಊಟ ಆದ ಮೇಲೆ ಕೊಡ್ತೀವಿ, ಡಾಕ್ಟರ್ ಹೇಳಿದಂಗ.

ಇನ್ನೊಂದು ಔಷಧ ಅಡುಗೆಮನ್ಯಾಗೇ ಐತಿ: ಉಪ್ಪು ಕಡಿಮೆ ಮಾಡೋದು. ಉಪ್ಪು ತಿಂದರೆ ನೀರಡಿಕೆ, ನೀರು ಕುಡಿದರೆ ತೂಕ, ತೂಕ ಏರಿದರೆ ಬಿಪಿ. ನಮ್ಮ ಮೇ ತಿಂಗಳ ಬಿಸಿಲಾಗ ತಾತ "ಇನ್ನೊಂದು ಗುಟುಕು ಕೊಡೋ" ಅಂದಾಗ ಬ್ಯಾಡ ಅನ್ನೋದು ಎಷ್ಟು ಕಷ್ಟ, ಅಂದವರಿಗೇ ಗೊತ್ತು. ಉಪ್ಪಿನಕಾಯಿ ಡಬ್ಬಿ ಮಾತ್ರ ಈಗ ಪಕ್ಕದ ಮನ್ಯಾಗೈತಿ.

ನಾನೀಗ ಒಂದು ನೋಟ್‌ಬುಕ್ ಇಟ್ಟೀನಿ. ಮಷೀನ್‌ಗಿಂತ ಮೊದಲಿನ ತೂಕ, ಆಮೇಲಿನ ತೂಕ, ಬಿಪಿ, ಗುಳಿಗಿ ತಗೊಂಡ ಟೈಮ್. ಬಿಕಾಂನಾಗ ಕಲಿತ ಓಪನಿಂಗ್ ಬ್ಯಾಲೆನ್ಸ್, ಕ್ಲೋಸಿಂಗ್ ಬ್ಯಾಲೆನ್ಸ್ ಮನೆಗೆ ಉಪಯೋಗ ಆಗಿದ್ದು ಇದೇ ಮೊದಲು. ಫಿಸ್ಟುಲಾ ಇರೋ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಅದನ್ನೂ ಮೊದಲ ಪುಟದಾಗ ಬರೆದೀನಿ.

ನಿಮ್ಮ ಮನ್ಯಾಗ ಯಾರಾದರೂ ಡಯಾಲಿಸಿಸ್‌ಗೆ ಹೋಗ್ತಿದ್ದರೆ ಈ ವಾರ ಡಾಕ್ಟರ್‌ಗೆ ಇದೊಂದು ಕೇಳ್ರಿ: "ಡಯಾಲಿಸಿಸ್ ದಿನ ಯಾವ ಗುಳಿಗಿ, ಎಷ್ಟೊತ್ತಿಗೆ?" ನಾನು ಕೇಳಿರಲಿಲ್ಲ.

ಭಾಗ 4ರಾಗ ಬಸ್ಸಿನ ಕಥೆ. ತಾತ ಹಾಯ್ ಹೇಳ್ಯಾನ 🙂

#ಮಸ್ಕಿ #ಡಯಾಲಿಸಿಸ್‌ಡೈರಿ #ನಮ್ಮತಾತ