ಏಳೂವರೆ ಸಾವಿರ ರಾಬರ್ಟ್ ಸ್ಮಿತ್‌ಗಳು

ಕಾಗದ ಬಾರದೆ ಕಂಗೆಟ್ಟವರ ಕಥೆ ಇದು, ಕೇಳಿ. 1945ರ ಫೆಬ್ರವರಿ. ಯುದ್ಧ ಇನ್ನೂ ಮುಗಿದಿಲ್ಲ. ಯುರೋಪಿನಲ್ಲಿ ಕಾದಾಡುತ್ತಿದ್ದ ಅಮೆರಿಕದ ಸೈನಿಕರಿಗೆ ಮನೆಯವರು ಬರೆದ ಕಾಗದಗಳು, ಕ್ರಿಸ್‌ಮಸ್ಸಿಗೆಂದು ಕಳಿಸಿದ ಪೊಟ್ಟಣಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಗೋದಾಮುಗಳಲ್ಲಿ ಸೂರು ಮುಟ್ಟುವಂತೆ ಬಿದ್ದಿದ್ದವು. ಸುಮಾರು ಒಂದು ಕೋಟಿ ಎಪ್ಪತ್ತು ಲಕ್ಷ! ಕೇಕುಗಳು ಹಳಸಿ, ಇಲಿಗಳು ಸೇರಿಕೊಂಡಿದ್ದವು.

ಆ ರಾಶಿ ಕರಗಿಸಲು ಅಮೆರಿಕದಿಂದ ಹಡಗು ಹತ್ತಿ ಬಂದವರು ಕಪ್ಪು ಹೆಂಗಸರು. 6888ನೇ ಅಂಚೆ ಪಡೆ, 855 ಮಂದಿ. ಅವರ ದಂಡನಾಯಕಿ ಮೇಜರ್ ಚ್ಯಾರಿಟಿ ಆಡಮ್ಸ್ ಅವರಿಗೆ ಇಪ್ಪತ್ತಾರು ವರ್ಷ. ಸೇನೆ ಸೇರುವ ಮೊದಲು ಗಣಿತದ ಮೇಷ್ಟ್ರಾಗಿದ್ದವರು. ಹಿಟ್ಲರನ ಜನಾಂಗದ್ವೇಷದ ವಿರುದ್ಧ ಹೋರಾಡುತ್ತಿದ್ದ ಆ ಸೇನೆಯಲ್ಲೇ ಬಿಳಿಯರ ತುಕಡಿ ಬೇರೆ, ಕಪ್ಪು ಜನರ ತುಕಡಿ ಬೇರೆ. ಈ ಮಾತು ಹೇಳುವಾಗ ನನಗೆ ಇಂದಿಗೂ ಹೊಟ್ಟೆಯಲ್ಲಿ ಕಿಚ್ಚೇಳುತ್ತದೆ.

ದಿನಕ್ಕೆ ಮೂರು ಪಾಳಿ. ವಾರಕ್ಕೆ ಏಳು ದಿನ. ಶತ್ರುವಿಮಾನಗಳಿಗೆ ಬೆಳಕು ಕಾಣಬಾರದೆಂದು ಕಿಟಕಿಗಳಿಗೆ ಕಪ್ಪು ಬಳಿದಿದ್ದರು. ಒಳಗೆ ಚಳಿ. ಮೈಮೇಲೆ ಕೋಟಿನ ಮೇಲೆ ಕೋಟು ಹೇರಿಕೊಂಡು ಕೂರಬೇಕು. ಸೈನಿಕನೊಬ್ಬ ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ಅದಕ್ಕಾಗಿ ಸುಮಾರು ಎಪ್ಪತ್ತು ಲಕ್ಷ ಕಾರ್ಡುಗಳನ್ನು ಇಟ್ಟುಕೊಂಡು, ಯಾರು ಯಾವ ತುಕಡಿಯಲ್ಲಿದ್ದಾರೆಂದು ತಿದ್ದುತ್ತಲೇ ಇದ್ದರು. ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ ಏಳೂವರೆ ಸಾವಿರ! ಯಾವ ತಾಯಿಯ ಕಾಗದ ಯಾವ ರಾಬರ್ಟನಿಗೆ? ಸೇನಾ ಸಂಖ್ಯೆ ಹಿಡಿದು ಒಬ್ಬೊಬ್ಬನನ್ನೇ ಬೇರ್ಪಡಿಸಬೇಕು. ಸತ್ತವನ ಹೆಸರಿಗೆ ಬಂದ ಕಾಗದವನ್ನು ಮನೆಗೆ ಹಿಂತಿರುಗಿಸುವ ಕೆಲಸವೂ ಇವರದೇ. ಒಂದು ಪಾಳಿಗೆ ಸುಮಾರು 65,000 ಟಪಾಲು ಸಾಗುತ್ತಿತ್ತು.

ಒಮ್ಮೆ ಜನರಲ್ ಒಬ್ಬರು ತಪಾಸಣೆಗೆ ಬಂದರು. ಎಲ್ಲರೂ ಸಾಲಾಗಿ ಯಾಕೆ ನಿಂತಿಲ್ಲ ಅಂತ ಅವರ ಕೋಪ. ಕೆಲವರು ಪಾಳಿಯಲ್ಲಿದ್ದಾರೆ, ರಾತ್ರಿ ದುಡಿದವರು ಮಲಗಿದ್ದಾರೆ ಎಂದರು ಆಡಮ್ಸ್. ಹಾಗಾದರೆ ಪಡೆ ನಡೆಸುವುದು ಹೇಗೆಂದು ತೋರಿಸಲು ಬಿಳಿಯ ಲೆಫ್ಟಿನೆಂಟನನ್ನು ಕಳಿಸುತ್ತೇನೆ ಎಂದರು ಜನರಲ್. ತನ್ನ ಹೆಣ ಬಿದ್ದ ಮೇಲೆಯೇ ಅದು ಆಗುವುದು ಎಂದು ಆಡಮ್ಸ್ ಎಲ್ಲರೆದುರೇ ಹೇಳಿಬಿಟ್ಟರು. ಸೇನೆಯಲ್ಲಿ ಇಂಥ ಮಾತಿಗೆ ಕೋರ್ಟ್ ಮಾರ್ಷಲ್. ಜನರಲ್ ಅದಕ್ಕೇ ಸಿದ್ಧರಾದರು. ಆಡಮ್ಸ್ ಬೆದರಲಿಲ್ಲ, ಬಣ್ಣಭೇದ ಎತ್ತಿ ಆಡಬಾರದೆಂಬ ಮೇಲಿನ ಆದೇಶವನ್ನೇ ಹಿಡಿದು, ಪ್ರತಿದೂರು ತಯಾರು ಮಾಡಿದರು. ಜನರಲ್ ಸುಮ್ಮನಾದರು.

ಆರು ತಿಂಗಳ ಕೆಲಸ ಮೂರೇ ತಿಂಗಳಲ್ಲಿ ಮುಗಿಯಿತು.

ಆಮೇಲೆ ಫ್ರಾನ್ಸಿನ ರೂಆನ್‌ಗೆ ಹೋದರು, ಅಲ್ಲೂ ಅದೇ ಟಪಾಲು ರಾಶಿ. 1945ರ ಜುಲೈಯಲ್ಲಿ ಜೀಪು ಅಪಘಾತವಾಗಿ ಮೂವರು ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಸರ್ಕಾರದಿಂದ ಹಣ ಬರಲಿಲ್ಲ, ಗೆಳತಿಯರೇ ತಮ್ಮ ಸಂಬಳದಲ್ಲಿ ಹಣ ಕೂಡಿಸಿ ಹೆಣದ ಪೆಟ್ಟಿಗೆ ಮಾಡಿಸಿದರು. ಮೂವರೂ ನಾರ್ಮಂಡಿಯ ಅಮೆರಿಕನ್ ಸ್ಮಶಾನದಲ್ಲಿದ್ದಾರೆ. ಊರಿಗೆ ಮರಳಿದವರಿಗೆ ಮೆರವಣಿಗೆಯಿಲ್ಲ, ಬಾಜಾಭಜಂತ್ರಿಯಿಲ್ಲ. ಅಮೆರಿಕದ ಸಂಸತ್ತಿನ ಚಿನ್ನದ ಪದಕ ಈ ಪಡೆಗೆ ಘೋಷಣೆಯಾದದ್ದು 2022ರಲ್ಲಿ. ಆಗ ಬದುಕಿದ್ದವರು ಬೆರಳೆಣಿಕೆಯಷ್ಟು. ಆಡಮ್ಸ್ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.